ಆಫ್ರಿಕಾ ಅಧ್ಯಯನ ಮತ್ತು ನಮ್ಮ ಸಿದ್ದಿಗಳು
(ನ್ಯಾಮತಿಯಲ್ಲಿ ನಡೆದ ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಉನ್ನತ ಶಿಕ್ಷಣದ ಅವಕಾಶಗಳ ಬಗ್ಗೆ ಮಾತನಾಡಿ ಎಂದು ಕಾರ್ಯದರ್ಶಿಗಳು ಹೇಳಿದ್ದಾರೆ. ಇಂಜಿನಿಯರಿಂಗ್, ನರ್ಸಿಂಗ್, ಬಿ.ಎಡ್. ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಇಲ್ಲಿ ಕುಳಿತಿದ್ದಾರೆ. ಇತಿಹಾಸ ಪಾಠ ಮಾಡಿ ನಿವೃತ್ತನಾದ ನಾನು ಯಾರೂ ಕೇಳದ ಒಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ಆಫ್ರಿಕಾ ಅಧ್ಯಯನ. ನ್ಯಾಮತಿಗೂ ಆಫ್ರಿಕಾಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳಲೇಬೇಕು.

ನಾನು ಓದುವ ಕಾಲದಲ್ಲಿ ನಮ್ಮ ಹಾಸ್ಟೆಲಿಗೆ ಹಳಿಯಾಳದ ಕಡೆಯ ಒಬ್ಬ ಹುಡುಗ ಬಂದ. ಗುಂಗುರು ಕೂದಲು, ಕಪ್ಪು ಮೈ. ನಮ್ಮಂತೆಯೇ ಉರ್ದು ಆಡುತ್ತಿದ್ದ, ನಮ್ಮ ಜೊತೆಯಲ್ಲೇ ನಮಾಜಿಗೆ ನಿಲ್ಲುತ್ತಿದ್ದ. ಮೊದಲ ದಿನವೇ ವಾರ್ಡನ್ ಕೇಳಿದ್ದು, "ಯಾವ ದೇಶದವನಪ್ಪಾ ನೀನು?" ನಾವೆಲ್ಲ ನಕ್ಕೆವು. ನಾನೂ ನಕ್ಕೆ. ಹಜ್ರತ್ ಬಿಲಾಲ್ ಅವರ ಹೆಸರನ್ನು ಮಕ್ಕಳಿಗೆ ಹೆಮ್ಮೆಯಿಂದ ಇಡುವ ಮನೆಗಳಿಂದ ಬಂದವರು ನಾವು. ಆ ಹುಡುಗ ವರ್ಷ ಮುಗಿಯುವ ಮೊದಲೇ ಊರಿಗೆ ಹೋದ, ಮತ್ತೆ ಬರಲಿಲ್ಲ. ಅವನಿಗೆ ಕೊಡಬೇಕಾಗಿದ್ದ ಉತ್ತರ ನನಗೆ ಗೊತ್ತಾಗಿದ್ದು ಮೇಷ್ಟ್ರಾದ ಮೇಲೆ, ಅದೂ ಬಹಳ ತಡವಾಗಿ.

ನೀವೆಲ್ಲ ಶಾಲಾ ಪ್ರವಾಸದಲ್ಲಿ ಗೋಲಗುಮ್ಮಟ ನೋಡಿದ್ದೀರಿ, ಮೇಲೆ ಹತ್ತಿ ಕೂಗಿದ್ದೀರಿ. ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹ 1627ರಿಂದ 1656ರವರೆಗೆ ಬಿಜಾಪುರವನ್ನು ಆಳಿದವನು. ಅವನ ಸೇನೆಯೇ ನಮ್ಮ ಬಸವಾಪಟ್ಟಣ, ಸಂತೇಬೆನ್ನೂರಿನವರೆಗೆ ಬಂದದ್ದು. ಸಂತೇಬೆನ್ನೂರಿನ ಪುಷ್ಕರಿಣಿಯ ಪಕ್ಕದ ಮುಸಾಫಿರಖಾನೆ ಆ ಕಾಲದ ಕಟ್ಟಡ. ಆ ಸುಲ್ತಾನನ ದೊಡ್ಡ ಮಂತ್ರಿ ಇಖ್ಲಾಸ್ ಖಾನ್ ಒಬ್ಬ ಹಬ್ಶಿ, ಅಂದರೆ ಆಫ್ರಿಕಾ ಮೂಲದವನು. ಸುಲ್ತಾನನೂ ಅವನೂ ಒಂದೇ ಆನೆಯ ಮೇಲೆ ಕುಳಿತಿರುವ ಆ ಕಾಲದ ವರ್ಣಚಿತ್ರ ಇಂದಿಗೂ ಇದೆ. ಅಹಮದ್‌ನಗರದ ಮಲಿಕ್ ಅಂಬರ್ ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ದಖ್ಖನಿಗೆ ಬಂದು, 1626ರಲ್ಲಿ ಸಾಯುವವರೆಗೆ ಮೊಗಲರನ್ನು ತಡೆದು ನಿಲ್ಲಿಸಿದವನು. ನಾನು ಎಷ್ಟೋ ಸಲ ಮಕ್ಕಳನ್ನು ಬಿಜಾಪುರಕ್ಕೆ ಕರೆದುಕೊಂಡು ಹೋಗಿದ್ದೇನೆ. ಇದರಲ್ಲಿ ಒಂದು ಮಾತನ್ನೂ ಹೇಳಿರಲಿಲ್ಲ.

ಎಲ್ಲರೂ ಮಂತ್ರಿಗಳಾಗಲಿಲ್ಲ. ಪೋರ್ಚುಗೀಸರು ಗೋವಾಕ್ಕೆ ಹಡಗಿನಲ್ಲಿ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳಲ್ಲಿ ಅವರ ಸಂತತಿಯವರಿದ್ದಾರೆ. ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ, ಮೂವರೂ ಸಿದ್ದಿಗಳೇ.

ಇನ್ನು ಇವರನ್ನು ಓದಿದವರು ಯಾರು ಎಂಬ ಮಾತಿಗೆ ಬರುತ್ತೇನೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1968ರ ನವೆಂಬರಿನಿಂದ 1969ರ ಮಾರ್ಚ್‌ವರೆಗೆ ಕಾಲೇಜು ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನಮ್ಮ ಜನರ ಚರಿತ್ರೆಗೂ ಒಂದು ವಿಭಾಗ ಬೇಕು ಎಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಅಂಥ ಹೋರಾಟಗಳಿಂದ ಹುಟ್ಟಿದವೇ ಅಲ್ಲಿನ ಪ್ಯಾನ್-ಆಫ್ರಿಕನ್ ಅಧ್ಯಯನ ವಿಭಾಗಗಳು. ಆಫ್ರಿಕಾ ಖಂಡವನ್ನೂ, ಅಲ್ಲಿಂದ ಲೋಕದ ತುಂಬ ಚದುರಿದವರನ್ನೂ ಒಟ್ಟಿಗೆ ಓದುವುದು ಅವುಗಳ ಕೆಲಸ. ನಮ್ಮಲ್ಲೂ ದೆಹಲಿ ವಿಶ್ವವಿದ್ಯಾಲಯ 1955ರಲ್ಲೇ ಆಫ್ರಿಕಾ ಅಧ್ಯಯನ ಆರಂಭಿಸಿತು, ಮುಂಬೈ ವಿಶ್ವವಿದ್ಯಾಲಯ 1971ರಲ್ಲಿ.

ಅದೇ 1971ರಲ್ಲಿ ಜೋಸೆಫ್ ಹ್ಯಾರಿಸ್ ಎಂಬ ವಿದ್ವಾಂಸ ಏಷ್ಯಾದಲ್ಲಿರುವ ಆಫ್ರಿಕನ್ನರ ಬಗ್ಗೆ ಗ್ರಂಥ ಬರೆದರು. ಬಹುಕಾಲ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿದ್ದವರು. ಹಾರ್ವರ್ಡ್ ಅಲ್ಲ, ವಾಷಿಂಗ್ಟನ್ನಿನ ಹೊವಾರ್ಡ್. 1976ರಲ್ಲಿ ಟಿ. ಸಿ. ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳ ಬಗ್ಗೆಯೇ ಪುಸ್ತಕ ತಂದರು. 2007ರಲ್ಲಿ ಘಾನಾ ದೇಶದ ಪಾಶಿಂಗ್ಟನ್ ಒಬೆಂಗ್ ಅವರ ಪುಸ್ತಕ ಬಂತು. ಆಫ್ರಿಕಾದವರೊಬ್ಬರು ನಮ್ಮ ಘಟ್ಟದ ಹಳ್ಳಿಗಳಿಗೆ ಬಂದು ಬರೆದದ್ದು. ನನಗೆ ಹೆಚ್ಚು ಹಿಡಿಸಿದವರು ವಿಸ್ಕಾನ್ಸಿನ್ನಿನ ಹೆನ್ರಿ ಡ್ರೂವಲ್. ಅವರು ಓದಿದ್ದು ಕೌದಿಯನ್ನು! ನಮ್ಮ ಅಮ್ಮಂದಿರು ಹಳೇ ಸೀರೆ, ಪಂಚೆ ಸೇರಿಸಿ ಹೊಲಿಯುತ್ತಿದ್ದ ಅದೇ ಕೌದಿ. ಸಿದ್ದಿ ಹೆಂಗಸರು ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ತುಂಡು ಇಡುತ್ತಾರೆ, ಅದನ್ನು ಹೂವು ಅನ್ನುತ್ತಾರೆ. ಅದಿಲ್ಲದೆ ಕೌದಿ ಪೂರ್ತಿಯಾಗುವುದಿಲ್ಲ. ನಾವು ಹೊದ್ದು ಮಲಗಿದ್ದನ್ನು ಅವರು ಕೂತು ಓದಿದರು.

ಇದೆಲ್ಲ ಪುಸ್ತಕದ ಮಾತು, ಹೊಟ್ಟೆಗೇನು ಎಂದು ಕೇಳುವವರಿಗೆ ಇನ್ನೊಂದು ಸಂಗತಿ. 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು, ಆದರೆ ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ. ಗಡಿಯಾಚೆ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿದ್ದವರು ಅದೇ ಕುಲ, ಅದೇ ಕಾಡು, ಬೀಗತನವೂ ಅಲ್ಲೇ. ಅವರಿಗೆ ಸರ್ಟಿಫಿಕೇಟ್ ಇಲ್ಲ. ಆ ಎರಡು ಜಿಲ್ಲೆಗಳನ್ನು ಸೇರಿಸಿದ ಕಾನೂನು ಬಂದದ್ದು 2020ರಲ್ಲಿ. ನಡುವೆ ಹದಿನೇಳು ವರ್ಷ. 2003ರಲ್ಲಿ ಒಂದನೇ ತರಗತಿಗೆ ಸೇರಿದ ಮಗು ಅಷ್ಟು ಹೊತ್ತಿಗೆ ಡಿಗ್ರಿ ಮುಗಿಸಿರಬೇಕು, ಇಲ್ಲವೇ ಶಾಲೆ ಬಿಟ್ಟು ಕೂಲಿಗೆ ಹೋಗಿರಬೇಕು. ಪಟ್ಟಿಗೆ ಸೇರಿಸಬೇಕಾದರೆ ರಾಜ್ಯದ ಶಿಫಾರಸು ರಿಜಿಸ್ಟ್ರಾರ್ ಜನರಲ್ ಕಚೇರಿಗೆ, ಆಯೋಗಕ್ಕೆ, ಆಮೇಲೆ ಸಂಸತ್ತಿಗೆ ಹೋಗಬೇಕು. ಒಂದೊಂದು ಮೇಜಿನ ಮೇಲೂ ಕೇಳುವುದು ಒಂದೇ: ಈ ಜನ ಯಾರು, ಎಲ್ಲಿದ್ದಾರೆ, ಹೇಗೆ ಬದುಕುತ್ತಾರೆ? ಅದಕ್ಕೆ ಅಧ್ಯಯನದ ಕಾಗದ ಬೇಕು. ಊರೂರು ತಿರುಗಿ ಬರೆದವರಿಲ್ಲದಿದ್ದರೆ ಫೈಲು ಅಲ್ಲೇ ಮಲಗುತ್ತದೆ.

ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಸಂಘದ ವಿದ್ಯಾರ್ಥಿವೇತನದ ಅರ್ಜಿಯನ್ನು ಮೊನ್ನೆ ನೋಡಿದೆ. ತಾಂತ್ರಿಕ, ವೈದ್ಯಕೀಯ, ಶಿಕ್ಷಕ ತರಬೇತಿ, ಅಷ್ಟೇ ಕಲಂಗಳು. ಕಳೆದ ವರ್ಷ ಇತಿಹಾಸದಲ್ಲಿ ಎಂ.ಎ. ಮಾಡಬೇಕೆಂದಿದ್ದ ಹುಡುಗಿಯೊಬ್ಬಳ ಅರ್ಜಿಯನ್ನು 'ಕಲಂ ಇಲ್ಲ' ಎಂದು ವಾಪಸು ಕಳಿಸಿದೆವು. ಆ ಸಮಿತಿಯಲ್ಲಿ ನಾನೂ ಇದ್ದೆ, ಸಹಿ ನನ್ನದೂ ಇದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ನಮಗೆ ದೂರವೇನಲ್ಲ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನಕ್ಕೇ ಒಂದು ವಿಭಾಗ ಇದೆ. ಬರುವ ವರ್ಷದ ಅರ್ಜಿಯಲ್ಲಿ 'ಇತಿಹಾಸ ಮತ್ತು ಸಮಾಜ ಸಂಶೋಧನೆ' ಎಂದು ಒಂದು ಕಲಂ ಸೇರಿಸಿ. ಮೊದಲ ವಿದ್ಯಾರ್ಥಿ ಯಲ್ಲಾಪುರ, ಹಳಿಯಾಳಕ್ಕೆ ಹೋಗಿಬರುವ ಬಸ್ ಖರ್ಚು, ಟೇಪ್‌ರೆಕಾರ್ಡರೋ ಮೊಬೈಲೋ ಏನು ಬೇಕೋ ಅದು, ನನ್ನ ಪೆನ್ಷನ್ನಿನಿಂದ ಕೊಡುತ್ತೇನೆ. ಆ ಹುಡುಗಿ ಇವತ್ತು ಸಭೆಯಲ್ಲಿ ಇದ್ದಾಳೆ. ಸಭೆ ಮುಗಿದ ಮೇಲೆ ನನ್ನನ್ನು ಕಾಣಮ್ಮ. ಹಳೇ ಅರ್ಜಿ ನನ್ನ ಚೀಲದಲ್ಲೇ ಇದೆ.