ಬಾಗಿಲು ಮುಚ್ಚಿ ಕೊಟ್ಟ ಒಪ್ಪಿಗೆ

ನಿಮ್ಮ ತೋಳಿಗೆ ಚುಚ್ಚೋ ಲಸಿಕೆಗೆ ಒಪ್ಪಿಗೆ ಕೊಟ್ಟವರು ಯಾರು? ಸರ್ಕಾರ ಅಂತೀರಿ. ಸಹಿ ಹಾಕೋದು ಭಾರತದ ಔಷಧ ಮಹಾನಿಯಂತ್ರಕರು, ನಿಜ. ಆದ್ರೆ ಅದಕ್ಕೂ ಮೊದಲು ಕಂಪನಿಯ ಅಂಕಿಅಂಶ ನೋಡಿ ಇದು ಸಾಕು, ಇದು ಸಾಲದು ಅಂತ ಹೇಳೋದು ವಿಷಯ ತಜ್ಞರ ಸಮಿತಿ. ಇವತ್ತಿನ ನನ್ನ ಮಾತು ಆ ಸಮಿತಿಯ ಬಗ್ಗೆ.

2021ರ ಜನವರಿ ನೆನಪು ಮಾಡ್ಕೊಳ್ಳಿ. ಕೋವ್ಯಾಕ್ಸಿನ್‌ನ ಮೂರನೇ ಹಂತದ ಪ್ರಯೋಗಕ್ಕೆ 25,800 ಜನ ಬೇಕಿತ್ತು, ಸೇರ್ಪಡೆ ಇನ್ನೂ ನಡೀತಾ ಇತ್ತು. ಜನವರಿ 1ರಂದು ಸಮಿತಿ ಏನಂತು? ಬೇಗ ಜನರನ್ನು ಸೇರಿಸಿ, ಲಸಿಕೆ ಎಷ್ಟು ಪರಿಣಾಮಕಾರಿ ಅನ್ನೋ ಮಧ್ಯಂತರ ಲೆಕ್ಕ ತನ್ನಿ, ಆಮೇಲೆ ನೋಡೋಣ. ಮಾರನೇ ದಿನ, ಜನವರಿ 2ರಂದು, ಅದೇ ಸಮಿತಿ ತುರ್ತು ಬಳಕೆಗೆ ಶಿಫಾರಸು ಮಾಡ್ತು! ಕೊಟ್ಟ ಕಾರಣ: ರೂಪಾಂತರಿ ವೈರಸ್ ಬಂದ್ರೆ ಇನ್ನೊಂದು ಆಯ್ಕೆ ಇರಲಿ. ಕಾರಣ ಇರಬಹುದು. ಆದ್ರೆ ಯಾರು ಒಪ್ಪಿದರು, ಯಾರು ತಕರಾರು ಎತ್ತಿದರು? ನಡಾವಳಿಯಲ್ಲಿ ಅದಿಲ್ಲ. ಜನವರಿ 3ರಂದು ಮಹಾನಿಯಂತ್ರಕರು ಹೇಳಿಕೆ ಓದಿದರು, ಪತ್ರಕರ್ತರ ಪ್ರಶ್ನೆ ತಗೊಳ್ಳಲಿಲ್ಲ.

ನಾನು ಲಸಿಕೆ ವಿರೋಧಿ ಅಲ್ಲ. ಮಾರ್ಚ್‌ನಲ್ಲಿ ಬಂದ ಮಧ್ಯಂತರ ಫಲಿತಾಂಶ ಶೇಕಡಾ 81, ಅಂತಿಮ ಲೆಕ್ಕ 77.8. ಹುಡುಗ ಪಾಸಾದ, ಸಂತೋಷ. ಪರೀಕ್ಷೆ ಮುಗಿಯೋ ಮೊದಲೇ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ದಕ್ಕೆ ಬೆಲೆ ತೆತ್ತಿದ್ದು ನಂಬಿಕೆ. ಜನವರಿ 16ರಂದು ಅಭಿಯಾನ ಶುರುವಾದ ದಿನವೇ ದೆಹಲಿಯ ರಾಮ್ ಮನೋಹರ್ ಲೋಹಿಯಾ ಆಸ್ಪತ್ರೆಯ ರೆಸಿಡೆಂಟ್ ಡಾಕ್ಟರ್‌ಗಳ ಸಂಘ, ನಮಗೆ ಕೋವಿಶೀಲ್ಡ್ ಕೊಡಿ ಅಂತ ಪತ್ರ ಬರೀತು. ಡಾಕ್ಟರೇ ಹಿಂಜರಿದ್ರೆ ಹಳ್ಳಿಯ ಅಜ್ಜಿಗೆ ಯಾವ ಧೈರ್ಯ ಹೇಳೋದು?

ಈಗ ಅಮೆರಿಕ ನೋಡಿ. 2020ರ ಡಿಸೆಂಬರ್ 10, ಫೈಜರ್ ಲಸಿಕೆ ಬಗ್ಗೆ ಸಲಹಾ ಸಮಿತಿ ಸಭೆ, ಯೂಟ್ಯೂಬ್‌ನಲ್ಲಿ ನೇರ ಪ್ರಸಾರ. 17 ಜನ ಹೌದು ಅಂದ್ರು, ನಾಲ್ವರು ಬೇಡ ಅಂದ್ರು, ಒಬ್ಬರು ಮತ ಹಾಕಲಿಲ್ಲ. ಬೇಡ ಅಂದವರ ಮಾತೂ ದಾಖಲಾಯ್ತು. ಅಲ್ಲೂ ಎಡವಿದ್ದಾರೆ. ಅಲ್ಜೈಮರ್ಸ್‌ನ ಅಡುಕನುಮ್ಯಾಬ್ ಔಷಧಕ್ಕೆ ಪುರಾವೆ ಸಾಲದು ಅಂತ ಸಮಿತಿ ಹೇಳಿದ್ರೂ 2021ರ ಜೂನ್‌ನಲ್ಲಿ ಸಂಸ್ಥೆ ಅನುಮತಿ ಕೊಡ್ತು. ಮೂವರು ತಜ್ಞರು ರಾಜೀನಾಮೆ ಬಿಸಾಕಿ ಹೊರಬಂದ್ರು. ಸಮಿತಿಯ ಮತ ಬಹಿರಂಗ ಇದ್ದಿದ್ದಕ್ಕೆ, ಸಂಸ್ಥೆ ಅದನ್ನು ಮೀರಿದ್ದು ಎಲ್ಲರಿಗೂ ಕಾಣಿಸ್ತು.

ನನ್ನ ಬೇಡಿಕೆ ದೊಡ್ಡದಲ್ಲ. ಸಭೆಯಲ್ಲಿ ಕೂತವರ ಹೆಸರು ಹಾಕಿ. ಕಂಪನಿಯ ಜೊತೆ ನಂಟಿದ್ರೆ ಬರೀರಿ. ಭಿನ್ನಮತ ಬರೀರಿ. ನಿನ್ನೆ ಬೇಡ ಅಂದಿದ್ದು ಇವತ್ತು ಬೇಕಾದ್ರೆ, ರಾತ್ರಿ ಕಳೆಯೋದ್ರೊಳಗೆ ಯಾವ ಹೊಸ ಪುರಾವೆ ಬಂತು ಅಂತ ಹೇಳಿ. ತೋಳು ನಮ್ಮದು, ಕೇಳೋ ಹಕ್ಕೂ ನಮ್ಮದೇ.