ಮಣ್ಣಿನ ಕಟ್ಟೆಯ ಆರೋಗ್ಯ



ಓಕ್‌ಲ್ಯಾಂಡ್ ನಗರದ ಟೆಮೆಸ್ಕಲ್ ಸರೋವರಕ್ಕೆ ನಾವು ಮಕ್ಕಳೊಡನೆ ವಿಹಾರಕ್ಕೆ ಹೋಗುವುದುಂಟು. 1860ರ ದಶಕದ ಕೊನೆಯಲ್ಲಿ ಆಂಥನಿ ಶಾಬೋ ಕುಡಿಯುವ ನೀರಿಗಾಗಿ ನಿರ್ಮಿಸಿದ ಈ ಸರೋವರವು 1936ರಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಅಲ್ಲಿ ನೀರನ್ನು ತಡೆದಿರುವುದು ನಮ್ಮೂರ ಕೆರೆಯ ಏರಿಯಂತಹುದೇ ಮಣ್ಣಿನ ಕಟ್ಟೆ. ಅದರ ಕೆಳಗೆ ಮನೆಗಳಿವೆ. 1868ರ ಭೂಕಂಪಕ್ಕೆ ಕಾರಣವಾದ ಹೇವರ್ಡ್ ಬಿರುಕು ಆ ಬಳಿಯಲ್ಲೇ ಹಾದುಹೋಗಿದೆ.

1971ರ ಭೂಕಂಪದಲ್ಲಿ ಲಾಸ್ ಏಂಜಲಿಸ್ ಸಮೀಪದ, ಇದಕ್ಕಿಂತ ಬಹಳ ದೊಡ್ಡದಾದ ಮಣ್ಣಿನ ಕಟ್ಟೆಯೊಂದು ನೀರಿನೆಡೆಗೆ ಕುಸಿಯಿತು. ಕೆಳಗಿನ ಸುಮಾರು 80,000 ಜನ ಮನೆ ತೊರೆಯಬೇಕಾಯಿತು.

ಭೂಕಂಪವನ್ನು ತಡೆಯುವುದು ನಮ್ಮಿಂದಾಗದು. ಆದರೆ ಕಟ್ಟೆಯ ನಿಧಾನರೋಗಗಳಿಗೆ ಲಕ್ಷಣಗಳುಂಟು. ತಿಳಿನೀರು ಕೊಂಚ ಜಿನುಗುವುದು ಸಹಜ. ಜಿನುಗು ಹೆಚ್ಚಿದರೆ ಅಥವಾ ನೀರು ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿರಬಹುದು. ನೆಲ ಅಳಿಲುಗಳ ಬಿಲಗಳೂ ಕೊಳೆತ ಬೇರುಗಳೂ ನೀರಿಗೆ ದಾರಿ ಮಾಡಿಕೊಡುತ್ತವೆ. ಕೋಡಿ ಮುಚ್ಚಿಹೋದರೆ ನೀರು ಏರಿಯ ಮೇಲೆಯೇ ಹರಿದು ಅದನ್ನು ಕೊರೆಯುತ್ತದೆ.

1928ರಲ್ಲಿ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಮಡಿದ ಮೇಲೆ, 1929ರಿಂದ ಕ್ಯಾಲಿಫೋರ್ನಿಯ ಸರ್ಕಾರವು ಅಣೆಕಟ್ಟುಗಳ ಸುರಕ್ಷತೆಯ ಮೇಲ್ವಿಚಾರಣೆ ನಡೆಸುತ್ತಿದೆ. ಅದರ ಇಂಜಿನಿಯರುಗಳು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬಂದು ಪರೀಕ್ಷಿಸುತ್ತಾರೆ. ವಿಹಾರಿಗಳು ದಿನವೂ ಅಲ್ಲಿರುತ್ತಾರೆ. ರೋಗಿಯ ಮೈಬಣ್ಣ ಬದಲಾದುದನ್ನು ವೈದ್ಯರಾದ ನಮಗಿಂತ ಮೊದಲು ಮನೆಯವರೇ ಗಮನಿಸುತ್ತಾರಷ್ಟೆ. ಆದ್ದರಿಂದ ಹೊಸ ಬಿರುಕು, ಕುಸಿತ, ಕದಡಿದ ಜಿನುಗು ಕಂಡರೆ ಉದ್ಯಾನದ ಸಿಬ್ಬಂದಿಗೆ ಅಂದೇ ತಿಳಿಸೋಣ. ಮನೆ ಕೊಳ್ಳುವವರು, ಕಟ್ಟೆ ಒಡೆದರೆ ನೀರು ಎಲ್ಲಿಯವರೆಗೆ ನುಗ್ಗೀತೆಂದು ತೋರಿಸುವ ಸರ್ಕಾರದ ಮುಳುಗಡೆ ನಕ್ಷೆಯನ್ನು ತಪ್ಪದೆ ನೋಡಬೇಕೆಂದು ವಿನಂತಿಸುತ್ತೇವೆ.