ಕತ್ತರಿ ಕೆಳಗಿಟ್ಟ ತಾತನಿಗೆ

(ಹಲಕುಂದಿಯ ಬೀಳ್ಕೊಡುಗೆಯಲ್ಲಿ ಆಡಿದ ಮಾತು)

ಐವತ್ತು ವರ್ಷ ಕ್ಷೌರ ಮಾಡಿದ ತಾತ ಇವತ್ತು ಕತ್ತರಿ ಕೆಳಗಿಡುತ್ತಿದ್ದಾರೆ. ಕಣ್ಣು ಮಂಜಾಗ್ಯಾವೆ, ಕೈ ನಡುಗುತ್ತೆ. ಹಾರ ಹಾಕಿ ಕಳಿಸಿದರೆ ನಮ್ಮ ಸಾಲ ತೀರೋದಿಲ್ಲ.

ನಮ್ಮಪ್ಪಂದಿರ ತಲೆಗೆ ಊರಿನ ಕತ್ತರಿ ಮುಟ್ಟುತ್ತಿರಲಿಲ್ಲ. ಎಮ್ಮೆಯ ಕೂದಲಿಗಿಲ್ಲದ ಮೈಲಿಗೆ ನಮ್ಮ ಕೂದಲಿಗಿತ್ತು. ಬೇವಿನ ಮರದಡಿ ಒಬ್ಬರ ತಲೆ ಒಬ್ಬರು ಬೋಳಿಸಿಕೊಂಡರು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ 'ಅಂಗಡಿ' ಅನ್ನೋದರೊಳಗೆ ಕ್ಷೌರದಂಗಡಿಯನ್ನೂ ಸೇರಿಸಿತು. ಕಾನೂನು ಬಂತು, ಕುರ್ಚಿ ಸಿಗಲಿಲ್ಲ.

ತಾತ ಮೊದಲು ಬೇರೊಂದು ಊರಲ್ಲಿದ್ದರು. ಕೇರಿಯ ಹುಡುಗನನ್ನು ಎಲ್ಲರ ಕುರ್ಚಿಯಲ್ಲೇ ಕೂರಿಸಿ, ಎಲ್ಲರ ಬಟ್ಟೆಯನ್ನೇ ಹೊದಿಸಿದರು. ಮಾರನೇ ದಿನದಿಂದ ಗಿರಾಕಿಗಳು ಬರಲಿಲ್ಲ, ಸುಗ್ಗಿಗೆ ಆಯದ ಜೋಳವೂ ಬರಲಿಲ್ಲ. ಪೆಟ್ಟಿಗೆ ಹೊತ್ತು ಹಲಕುಂದಿಗೆ ಬಂದರು. ಹಾಸ್ಟೆಲಿನಿಂದ ರಜೆಗೆ ಬಂದಾಗ ನಾವೆಲ್ಲ ಕೂತದ್ದು ಅವರ ಕುರ್ಚಿಯಲ್ಲೇ. ಸುಳಿ ನೋಡದೆ ಕತ್ತರಿ ಹಚ್ಚಿದವರಲ್ಲ. 'ಒಂದೊಂದು ತಲಿಗೆ ಒಂದೊಂದು ಕ್ರಾಪು ಐತಪ್ಪ' ಅನ್ನೋರು. ಇಂಟರ್‌ವ್ಯೂಗೆ ಹೊರಟವನಿಂದ ಕಾಸು ಮುಟ್ಟಲಿಲ್ಲ.

ಹನ್ನೆರಡನೇ ಶತಮಾನದಲ್ಲಿ ಹಡಪದ ಅಪ್ಪಣ್ಣ ಬಸವಣ್ಣನವರ ಜೊತೆಗಿದ್ದರು. ಹೆಂಡತಿ ಲಿಂಗಮ್ಮ ವಚನ ಬರೆದರು. ಆದರೂ ಮುಂಜಾನೆ ಕ್ಷೌರಿಕ ಎದುರಾದರೆ ಅಪಶಕುನ ಅನ್ನೋರಿದ್ದಾರೆ. ಮುಟ್ಟಬಾರದವರು ನಾವು, ಎದುರಾಗಬಾರದವರು ಅವರು. ಈ ಎರಡು ಅವಮಾನ ಒಂದನ್ನೊಂದು ಗುರುತಿಸಿದ್ದು ತಾತನ ಅಂಗಡಿಯಲ್ಲಿ.

ತಾತಾ, ನಿಮ್ಮ ಮೊಮ್ಮಗ ಈ ಕತ್ತರಿ ಹಿಡಿಯಲೇಬೇಕಂತಿಲ್ಲ. ಹಿಡಿದರೆ ಇಷ್ಟಪಟ್ಟು ಹಿಡಿಯಲಿ. ಗೆಳೆಯರೇ, ಯಾವ ಊರಲ್ಲಿ ನಮ್ಮ ತಲೆಗೆ ಕುರ್ಚಿ ಇಲ್ಲವೋ ಅಲ್ಲಿಗೆ ನಾವು ಕೂಡಿ ಹೋಗೋಣ.

ಇವತ್ತು ಮಾತ್ರ ಆ ಕುರ್ಚಿಯಲ್ಲಿ ತಾತ ಕೂರಲಿ. ಬಟ್ಟೆ ನಾವು ಹೊದಿಸ್ತೀವಿ.

ಜೈ ಭೀಮ್.